ಜಪಾನಿನ ಹಳೇ ಸಿ ಕೋಡ್ ಕೈಗೆ ಬಂದರೆ

ಬೆಂಗಳೂರಿನಲ್ಲಿ ಕೂತು ಜಪಾನಿ ಕಂಪನಿಗಳ ಹಳೇ ಸಿ (ಪ್ರೋಗ್ರಾಮಿಂಗ್ ಭಾಷೆ) ಕೋಡ್ ನೋಡಿಕೊಳ್ಳುವುದು ನನ್ನ ಕೆಲಸ. ಟೀಮಿಗೆ ಹೊಸದಾಗಿ ಬಂದವರೆಲ್ಲ ಕೇಳುವುದು ಒಂದೇ: "\ ಇರಬೇಕಾದ ಕಡೆಯೆಲ್ಲ ¥ ಇದೆಯಲ್ಲ ಸರ್, ಬದಲಾಯಿಸಿಬಿಡಲಾ?" ಬೇಡಪ್ಪಾ, ಸುಮ್ನಿರಿ.

ಅಕ್ಷರಗಳಿಗೆ ಸಂಖ್ಯೆ ಕೊಡುವ ಅಮೆರಿಕದ ಪಟ್ಟಿಯಾದ ಆಸ್ಕಿಯಲ್ಲಿ \ ಕೂರುವ 92ನೇ ಜಾಗವನ್ನು 1969ರ ಜಪಾನಿ ಸ್ಟ್ಯಾಂಡರ್ಡ್ ಯೆನ್ ಗುರುತಿಗೆ ಕೊಟ್ಟಿತು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಬೇಕಿರುವುದು ಆ ಸಂಖ್ಯೆ ಮಾತ್ರ. ಸ್ಕ್ರೀನ್ ಮೇಲೆ ಏನು ಕಾಣುತ್ತದೆ ಅನ್ನುವುದು ಫಾಂಟಿನ ವಿಷಯ. ಫೈಲನ್ನು, ಬೈಟ್‌ಗಳನ್ನು ಸಂಖ್ಯೆಯಾಗಿಯೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಆ ಜಾಗದಲ್ಲಿ 5ಸಿ, ಅಂದರೆ 92 ಇದ್ದರೆ ಎಲ್ಲ ಸರಿಯಿದೆ. ಸಿ2 ಎ5, ಅಂದರೆ ನಿಜವಾದ ಯೆನ್ ಗುರುತು ಇದ್ದರೆ ಯಾರೋ ಆಗಲೇ ಯುಟಿಎಫ್-8ಗೆ (ಎಲ್ಲ ಭಾಷೆಗೂ ಆಗುವ ಇಂದಿನ ಎನ್‌ಕೋಡಿಂಗ್) ತಪ್ಪಾಗಿ ಬದಲಾಯಿಸಿದ್ದಾರೆ. ಮೂಲ ಫೈಲ್ ಕೇಳಿ ತರಿಸಿಕೊಳ್ಳಿ.

ನಿಜವಾದ ತಲೆನೋವು ಶಿಫ್ಟ್-ಜಿಸ್‌ನದು. ಅದು ಜಪಾನಿ ಅಕ್ಷರಗಳ ಹಳೇ ಎನ್‌ಕೋಡಿಂಗ್. ಅದರಲ್ಲಿ ಕಾಂಜಿ (ಚೀನಾ ಮೂಲದ ಅಕ್ಷರ) ಮುಂತಾದವಕ್ಕೆ ಎರಡು ಬೈಟ್. ಎರಡನೆಯದು 92 ಆಗಿರಬಹುದು. ಕತಾಕಾನ ಎಂಬ ಜಪಾನಿ ಲಿಪಿಯ 'ಸೋ' 131, 92. ಪಟ್ಟಿ ಎಂಬ ಅರ್ಥದ 'ಹ್ಯೋ' ಕಾಂಜಿ 149, 92. ಜಪಾನಿ ಪ್ರೋಗ್ರಾಮರ್‌ಗಳು ಇಂಥವನ್ನು 'ದಮೆ ಮೋಜಿ' ಅಂತಾರೆ, ಕೆಲಸಕ್ಕೆ ಬಾರದ ಅಕ್ಷರ ಅಂತ. ಯುಟಿಎಫ್-8ರಲ್ಲಿ ಈ ಕಾಟ ಇಲ್ಲ. ನಮ್ಮ 'ಕ' ಅಲ್ಲಿ 224, 178, 149. ಎಲ್ಲವೂ 128ರ ಮೇಲೆಯೇ.

ಇದನ್ನು ನೋಡಿ (// ಇಂದ ಶುರುವಾಗುವ ಸಾಲು ಕಾಮೆಂಟ್, ಕಂಪೈಲರ್ ಲೆಕ್ಕಕ್ಕೆ ಇಡದ ಟಿಪ್ಪಣಿ):

// ಬೆಲೆಗಳ ಹ್ಯೋ
ಮೊತ್ತ = 0;

ಹ್ಯೋ ಜಾಗದಲ್ಲಿ ಆ ಕಾಂಜಿ ಇದೆ ಅಂದುಕೊಳ್ಳಿ. ಶಿಫ್ಟ್-ಜಿಸ್ ಗೊತ್ತಿಲ್ಲದ ಕಂಪೈಲರ್‌ಗೆ ಸಾಲಿನ ಕೊನೆಯಲ್ಲಿ \ ಕಾಣುತ್ತದೆ. ಸಿಯಲ್ಲಿ ಹಾಗಿದ್ದರೆ ಸಾಲು ಇನ್ನೂ ಮುಗಿದಿಲ್ಲ ಅಂತ ಅರ್ಥ, ಹಾಗಾಗಿ ಮುಂದಿನ ಸಾಲನ್ನೂ ಕಾಮೆಂಟಿಗೆ ಸೇರಿಸಿಕೊಂಡುಬಿಡುತ್ತದೆ. ಮೊತ್ತ ಸೊನ್ನೆಯಾಗುವುದೇ ಇಲ್ಲ! ಎರರ್ ಕೂಡ ಬರಲಿಕ್ಕಿಲ್ಲ. ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಎಲ್ಲ ವಾರ್ನಿಂಗ್ ಆನ್ ಮಾಡಿ, 'ಬಹುಸಾಲಿನ ಕಾಮೆಂಟ್' ಅಂತ ಬಂದ ಕಡೆಯೆಲ್ಲ ಹುಡುಕಿ. ಸಾಲಿನ ಕೊನೆಗೆ ಒಂದು ಸ್ಪೇಸ್ ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಜಿಸಿಸಿ ಆ ಸ್ಪೇಸನ್ನು ಲೆಕ್ಕಕ್ಕೇ ಇಡುವುದಿಲ್ಲ, ಸಾಲು ಸೇರಿಸಿಯೇ ತೀರುತ್ತದೆ. ಬದಲಿಗೆ ಚುಕ್ಕಿ ಹಾಕಿ.

ಪೂರ್ತಿ ಯುಟಿಎಫ್-8ಗೆ ತರುವುದೇ ಒಳ್ಳೆಯದು. ಮೂಲ ಎನ್‌ಕೋಡಿಂಗ್ ಕೇಳಿದಾಗ ಸಿಪಿ932 (ಶಿಫ್ಟ್-ಜಿಸ್‌ನ ವಿಂಡೋಸ್ ರೂಪ) ಎಂದೇ ಕೊಡಿ. ಬರೀ ಶಿಫ್ಟ್-ಜಿಸ್ ಅಂದರೆ ಕೆಲವು ಟೂಲ್‌ಗಳು 92ನ್ನು ನಿಜವಾದ ಯೆನ್ ಮಾಡಿಬಿಡುತ್ತವೆ, ಆಮೇಲೆ \ ಇದ್ದ ಕಡೆಯೆಲ್ಲ ಕೋಡ್ ಕೆಡುತ್ತದೆ. ಈ ಬದಲಾವಣೆಯನ್ನೇ ಒಂದು ಕಮಿಟ್ (ಕೋಡಿನ ಇತಿಹಾಸದಲ್ಲಿ ಒಂದು ದಾಖಲೆ) ಮಾಡಿ, ಬೇರೇನೂ ಬೆರೆಸಬೇಡಿ.

ಆಮೇಲೆ ದುಡ್ಡಿನ ವಿಷಯ. ಬೆಲೆ ತೋರಿಸಲು ಆ ಕಾಲದವರು "¥¥1,000" ಎಂದು ಬರೆದಿರುತ್ತಾರೆ. ಈಗ ಅದು "\\1,000". ಸಿಯಲ್ಲಿ ಎರಡು \ ಬರೆದರೆ ಒಂದು ಕಾಣುತ್ತದೆ. ಗ್ರಾಹಕರ ಬಿಲ್ಲಿನಲ್ಲಿ \1,000 ಅಂತ ಬಂದರೆ ಚೆನ್ನಾಗಿರಲ್ಲ, ಅಲ್ವಾ? ಎರಡು \ ಆದಮೇಲೆ ಅಂಕೆ ಅಥವಾ % (ಸಂಖ್ಯೆ ಕೂರಿಸುವ ಜಾಗದ ಗುರುತು) ಬರುವ ಕಡೆಗಳನ್ನು ಹುಡುಕಿ, ಒಂದೊಂದನ್ನೂ ಓದಿ. ಬೆಲೆಯಾದರೆ ನಿಜವಾದ ¥ ಹಾಕಿ. ಫೋಲ್ಡರ್ ದಾರಿಯಾದರೆ ಹಾಗೇ ಬಿಡಿ. ಇದನ್ನು ಸ್ಕ್ರಿಪ್ಟಿಗೆ ಬಿಡಬೇಡಿ. ಬೈಟ್ ಒಂದೇ, ಅರ್ಥ ಎರಡು, ಅದಕ್ಕೆ ಗೊತ್ತಾಗುವುದಿಲ್ಲ.

ವಿಷುಯಲ್ ಸ್ಟುಡಿಯೋ ಬಳಸುವವರು ಯುಟಿಎಫ್-8 ಆಯ್ಕೆಯನ್ನು ಕಂಪೈಲರ್‌ಗೆ ಕೊಡಲೇಬೇಕು, ಇಲ್ಲವೇ ಫೈಲನ್ನು ಬಾಮ್ (ಫೈಲಿನ ಶುರುವಿನಲ್ಲಿ ಎನ್‌ಕೋಡಿಂಗ್ ತಿಳಿಸುವ ಗುರುತು) ಸಮೇತ ಉಳಿಸಬೇಕು. ಎರಡೂ ಇಲ್ಲದಿದ್ದರೆ ಜಪಾನಿನ ಮಷೀನಿನಲ್ಲಿ ಕಂಪೈಲರ್ ಅದನ್ನು ಮತ್ತೆ ಸಿಪಿ932 ಎಂದೇ ಓದುತ್ತದೆ.