ಮರೆತುಹೋದ ಮ್ಯಾಲಕ್ ಅನ್ನು ಮತ್ತೆ ಕಲಿಯುವ ಬಗೆ

ಕಾಲೇಜು ಬಿಟ್ಟ ಮೇಲೆ ಮುಟ್ಟದ ಸಿ ಪ್ರೋಗ್ರಾಮಿಂಗ್ ಭಾಷೆಯನ್ನು ಮತ್ತೆ ಹಿಡಿಯುವವರು ಪುಸ್ತಕವನ್ನು ಮೊದಲ ಪುಟದಿಂದ ಓದಬೇಕಾಗಿಲ್ಲ. ಲೂಪು, ಫಂಕ್ಷನ್ನುಗಳು ಎರಡು ದಿನದಲ್ಲಿ ತಾವಾಗಿಯೇ ನೆನಪಾಗುತ್ತವೆ. ಕಾಡುವುದು ಪಾಯಿಂಟರ್ (ಮೆಮೊರಿಯ ಒಂದು ಜಾಗದ ವಿಳಾಸವನ್ನು ಇಟ್ಟುಕೊಳ್ಳುವ ಚರ) ಮತ್ತು ಮೆಮೊರಿ. ಅದಕ್ಕಾಗಿ ಒಂದೇ ಒಂದು ಚಿಕ್ಕ ಪ್ರೋಗ್ರಾಮನ್ನು ಇಟ್ಟುಕೊಂಡು ಮತ್ತೆ ಮತ್ತೆ ಬರೆಯುವುದು ಲೇಸು.

ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಈ ದಿನ ಎಷ್ಟು ಲಾಟು ಹತ್ತಿ ಬರುತ್ತದೆ ಎಂದು ದಲಾಲಿ ಅಂಗಡಿಯ ಗುಮಾಸ್ತರು ಬೆಳಗ್ಗೆಯೇ ಹೇಳಲಾರರು. ಆ ಲಾಟುಗಳ ಪಟ್ಟಿಯನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳಿ. ಮೊದಲು ನಾಲ್ಕು ಲಾಟಿಗೆ ಸಾಕಾಗುವಷ್ಟು ಜಾಗವನ್ನು ಮೆಮೊರಿ ಕೊಡುವ ಫಂಕ್ಷನ್ನಾದ ಮ್ಯಾಲಕ್‌ನಿಂದ ಪಡೆದು, ಅದು ತುಂಬಿದಾಗಲೆಲ್ಲ ಜಾಗದ ಅಳತೆ ಬದಲಿಸುವ ರೀಅಲಾಕ್‌ನಿಂದ ಇಮ್ಮಡಿ ಮಾಡಿ. ರೀಅಲಾಕ್ ಕೊಟ್ಟ ವಿಳಾಸವನ್ನು ಹಳೆಯ ಪಾಯಿಂಟರಿನಲ್ಲಿ ನೇರವಾಗಿ ಇಡಬಾರದು. ಜಾಗ ಸಿಗದೆ ಅದು ನಲ್ (ಯಾವ ಜಾಗವನ್ನೂ ತೋರಿಸದ ಖಾಲಿ ವಿಳಾಸ) ಕೊಟ್ಟರೆ ಹಳೆಯ ದತ್ತಾಂಶ ಇದ್ದಲ್ಲೇ ಇರುತ್ತದೆ, ಆದರೆ ಅದರ ವಿಳಾಸ ನಿಮ್ಮ ಕೈತಪ್ಪಿರುತ್ತದೆ.

ಅನಂತರ ಅದೇ ಪಟ್ಟಿಯನ್ನು ಲಿಂಕ್ಡ್ ಲಿಸ್ಟ್ ಆಗಿ, ಅಂದರೆ ಒಂದೊಂದು ತುಣುಕೂ (ನೋಡ್) ಮುಂದಿನ ತುಣುಕಿನ ವಿಳಾಸವನ್ನು ಹೊತ್ತಿರುವ ಸರಪಳಿಯಾಗಿ ಬರೆಯಿರಿ. ಒಂದು ನೋಡ್‌ನಲ್ಲಿ ಲಾಟಿನ ಸಂಖ್ಯೆಗೆ 4 ಬೈಟು, ಮುಂದಿನ ನೋಡ್‌ನ ವಿಳಾಸಕ್ಕೆ 8 ಬೈಟು ಎಂದು ಕೂಡಿದರೆ 12 ಆಗುತ್ತದೆ. ಆದರೆ ಇಂದಿನ 64 ಬಿಟ್ ಯಂತ್ರಗಳಲ್ಲಿ ಗಾತ್ರ ಹೇಳುವ ಸೈಜ್ಆಫ್ ಸಾಮಾನ್ಯವಾಗಿ 16 ಎನ್ನುತ್ತದೆ, ಏಕೆಂದರೆ ವಿಳಾಸವು 8ರಿಂದ ಭಾಗವಾಗುವ ಸ್ಥಳದಲ್ಲಿ ಕೂರಬೇಕೆಂದು ಕಂಪೈಲರ್ ನಡುವೆ 4 ಬೈಟು ಖಾಲಿ ಬಿಡುತ್ತದೆ. ಬೆರಳೆಣಿಕೆಯನ್ನು ನಂಬದೆ ಸೈಜ್ಆಫ್ ಅನ್ನೇ ಕೇಳಿ.

ನಿಜವಾದ ಪರೀಕ್ಷೆ ಅಳಿಸುವುದರಲ್ಲಿದೆ. ಇಡೀ ಪಟ್ಟಿಯನ್ನು ಬಿಡುಗಡೆ ಮಾಡುವ ಲೂಪಿನಲ್ಲಿ ನಾನು ನೋಡ್ ಅನ್ನು ಫ್ರೀ ಮಾಡಿದ ಮೇಲೆ ಅದರೊಳಗಿಂದಲೇ ಮುಂದಿನ ವಿಳಾಸವನ್ನು ಓದುತ್ತಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ವಾರಗಟ್ಟಲೆ ಸರಿಯಾಗಿಯೇ ಓಡಿದ ಆ ಪ್ರೋಗ್ರಾಮು ಬೇರೆಯವರ ಯಂತ್ರದಲ್ಲಿ ಮೊದಲ ಸಲಕ್ಕೇ ಬಿದ್ದುಹೋಯಿತು. ಲಾಟು ಎತ್ತಿದ ಮೇಲೂ ಕಟ್ಟೆಯ ಮೇಲೆ ಚೂರುಪಾರು ಹತ್ತಿ ಉಳಿದಿರುವಂತೆ, ಫ್ರೀ ಆದ ಜಾಗದಲ್ಲಿ ಹಳೆಯ ದತ್ತಾಂಶ ಕೆಲಕಾಲ ಉಳಿದಿರಬಹುದು. ಆದರೆ ಆ ಕಟ್ಟೆ ಈಗ ನಿಮ್ಮದಲ್ಲ. ಮುಂದಿನ ವಿಳಾಸವನ್ನು ಮೊದಲು ಬೇರೆ ಪಾಯಿಂಟರಿಗೆ ಎತ್ತಿಟ್ಟುಕೊಂಡು ಆಮೇಲೆ ಫ್ರೀ ಮಾಡಬೇಕು.

ಮೊದಲ ನೋಡ್ ಅನ್ನೇ ಅಳಿಸುವಾಗ ಹೆಡ್ (ಮೊದಲ ನೋಡ್‌ನ ವಿಳಾಸ ಇರುವ ಪಾಯಿಂಟರ್) ಬದಲಾಗುವುದರಿಂದ ಫಂಕ್ಷನ್ನಿಗೆ ಹೆಡ್‌ನ ವಿಳಾಸವನ್ನೇ ಕೊಡಬೇಕಾಗುತ್ತದೆ. ಪಾಯಿಂಟರಿಗೆ ಪಾಯಿಂಟರ್ ಎಂಬ ಈ ಘಟ್ಟದಲ್ಲಿ ಅವಸರ ಬೇಡ. ಹಾಳೆಯ ಮೇಲೆ ಚೌಕಗಳನ್ನು ಬರೆದು, ಒಂದೊಂದಕ್ಕೂ 100, 200 ಎಂದು ವಿಳಾಸ ಕೊಟ್ಟು, ಪ್ರತಿ ಸಾಲಿಗೂ ಬಾಣಗಳನ್ನು ಅಳಿಸಿ ಬರೆಯುತ್ತ ಹೋಗಿ.

ಕೊನೆಗೆ 20 ಲಾಟು ಸೇರಿಸಿ, ಮೊದಲನೆಯದು, ನಡುವಿನದು, ಕೊನೆಯದು ಹೀಗೆ ಅಳಿಸಿ, ಉಳಿದದ್ದನ್ನೂ ಬಿಡುಗಡೆ ಮಾಡಿ, ಲಿನಕ್ಸಿನಲ್ಲಿ ಮೆಮೊರಿಯ ತಪ್ಪು ಹಿಡಿಯುವ ವಾಲ್‌ಗ್ರಿಂಡ್ ಮೂಲಕ ಓಡಿಸಿ. ಪಡೆದದ್ದೂ ಬಿಟ್ಟದ್ದೂ ಸಮನಾಗಿರಬೇಕು. ಲೆಕ್ಕ 20ರ ಬದಲು 21 ಎಂದು ಕಂಡರೆ ಗಾಬರಿಯಾಗಬೇಡಿ. ಹೆಚ್ಚಿನ ಒಂದನ್ನು ತೆರೆಗೆ ಬರೆಯುವ ಪ್ರಿಂಟ್ಎಫ್ ತನ್ನ ಬಫರಿಗಾಗಿ (ತಾತ್ಕಾಲಿಕ ಜಾಗ) ಪಡೆದಿರುತ್ತದೆ.