ಹಾರ್ಟಿಂದಲ್ರೀ, ಹೊಟ್ಟೀ ಬೈಪಾಸು

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದೆ. "ಮೊದಲ ಏನರ ಆಪರೇಷನ್ ಆಗೇತೇನ್ರೀ?" ಎಂದು ಕೇಳಿದರು. "ಬೈಪಾಸ್ ಆಗೇತ್ರೀ" ಎಂದೆ. "ರಕ್ತ ತೆಳ್ಳಗ ಮಾಡೋ ಗುಳಗಿ ನಡದಾವೇನು?" ಎಂದರು. "ಇಲ್ರೀ" ಎಂದೆ. ಅಲ್ಲಿಗೆ ಮಾತು ಮುಗಿಯಿತು. ಅವರು ಹಾರ್ಟ್ ಅಂದುಕೊಂಡಿದ್ದರು. ನಾನು ಹೇಳಿದ್ದು ತೂಕ ಇಳಿಸಲು ಮಾಡುವ ಹೊಟ್ಟೆಯ ಬೈಪಾಸು. ಹಲ್ಲು ಹೋಯಿತು, ಕೈಗೆ ಚೀಟಿ ಬಂತು. ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ನೋವಿನ ಗುಳಿಗೆ, ದಿನಕ್ಕೆ ಎರಡು, ಐದು ದಿನ.

ಆ ಗುಳಿಗೆಯನ್ನು ಯಾವ ಅಂಗಡಿಯಿಂದ ತಂದೆ ಗೊತ್ತಾ? ನನ್ನದೇ ಅಂಗಡಿಯಿಂದ. ಗದಗ-ಬೆಟಗೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧಿ ಮಾರುತ್ತಿದ್ದೇನೆ. ಸ್ಟ್ರಿಪ್‌ನಿಂದ ಹತ್ತು ಗುಳಿಗೆ ನಾನೇ ಕತ್ತರಿಸಿಕೊಂಡೆ.

ನಾಲ್ಕನೇ ದಿನ ಎದೆಗುಂಡಿಗೆಯ ಕೆಳಗೆ ಉರಿ ಶುರುವಾಯಿತು. ಮಿರ್ಚಿ ತಿಂದದ್ದಕ್ಕೆ ಇರಬೇಕು ಅಂತ ಸುಮ್ನೆ ಇದ್ದೆ. ಆರನೇ ದಿನ ಮಲ ಡಾಂಬರಿನ ಹಾಗೆ ಕಪ್ಪಗೆ ಬಂತು. ಆಗ ಹೆದರಿಕೆ ಆಯಿತು. ಹುಬ್ಬಳ್ಳಿಗೆ ಓಡಿದೆ. ಆಪರೇಷನ್ ಮಾಡಿದ ಡಾಕ್ಟರ್ ಎಂಡೋಸ್ಕೋಪಿ ಮಾಡಿದರು. ಹೊಟ್ಟೆಗೆ ಕರುಳು ಜೋಡಿಸಿದ ಜಾಗದಲ್ಲೇ ಹುಣ್ಣು. "ನಿಮ್ದು ಔಷಧಿ ಅಂಗಡಿ ಅಲ್ವಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಬೈಪಾಸ್ ಆದಾಗಿನ ಡಿಸ್ಚಾರ್ಜ್ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು, ನೋವಿನ ಗುಳಿಗೆ ಬೇಡ ಎಂದು. ಅದು ಫೈಲಿನಲ್ಲಿ ಜೋಪಾನವಾಗಿತ್ತು.

ಹೊಟ್ಟೆ ಬೈಪಾಸ್ ಅಂದರೆ ಏನು ಅಂತ ಗಿರಾಕಿಗಳು ಕೇಳಿದಾಗ ನಮ್ಮ ರಸ್ತೆಯನ್ನೇ ತೋರಿಸುತ್ತೇನೆ. ಗಬ್ಬೂರಿನಿಂದ ನರೇಂದ್ರದ ತನಕ ಬೈಪಾಸ್ ಹಿಡಿದ ಲಾರಿ ಹುಬ್ಬಳ್ಳಿ-ಧಾರವಾಡದ ಯಾವ ಅಂಗಡಿ ಮುಂದೂ ನಿಲ್ಲೋದಿಲ್ಲ. ಇದೂ ಹಾಗೇ. ಹೊಟ್ಟೆಯ ಮೇಲುಭಾಗದಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಸಣ್ಣ ಚೀಲ ಮಾಡಿ, ಅದಕ್ಕೆ ಕೆಳಗಿನ ಕರುಳನ್ನು ತಂದು ಜೋಡಿಸುತ್ತಾರೆ. ಉಳಿದ ಹೊಟ್ಟೆ, ಕರುಳಿನ ಮೊದಲ ತುಂಡು ಒಳಗೇ ಇರುತ್ತವೆ. ಆದರೆ ಅನ್ನವೂ ಗುಳಿಗೆಯೂ ಆ ಕಡೆ ಹೋಗೋದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಜಾಸ್ತಿ ಇಳಿಸಿಕೊಳ್ಳುವ ಅಂಗಡಿಗಳು ಅಲ್ಲೇ ಇದ್ದವು! ಸ್ಲೀವ್ ಅನ್ನೋ ಆಪರೇಷನ್ ಬೇರೆ. ಅದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೆಯುತ್ತಾರೆ, ದಾರಿ ಬದಲಾಗೋದಿಲ್ಲ. ಹಾಗಾಗಿ ನನ್ನ ಲೆಕ್ಕವನ್ನು ಸ್ಲೀವ್ ಆದವರು ಹಾಗೇ ಹಚ್ಚಿಕೊಳ್ಳಬಾರದು.

ನೋವಿನ ಗುಳಿಗೆಯ ಮಾತು ಮುಗಿಸಿಬಿಡುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಎಲ್ಲ ಒಂದೇ ಮನೆತನ. ಹೊಟ್ಟೆಯ ಒಳಪದರಕ್ಕೆ ಇರುವ ಕಾವಲನ್ನು ಇವು ತೆಗೆದುಹಾಕುತ್ತವೆ. ಜೋಡಿಸಿದ ಕರುಳಿಗೆ ಮೊದಲೇ ಆಮ್ಲ ತಡೆಯುವ ತಾಕತ್ತು ಕಡಿಮೆ. "ಇಂಜೆಕ್ಷನ್ ಮಾಡಿಸಿದ್ರ ನಡೀತೈತಲ್ರೀ?" ಎಂದು ಕೇಳುವವರಿದ್ದಾರೆ. ನಡೆಯೋದಿಲ್ಲ. ಅದು ರಕ್ತದ ಮೂಲಕ ಹೋದರೂ ಮಾಡುವ ಕೆಲಸ ಅದೇ. ಬರೀ ಪ್ಯಾರಾಸಿಟಮಾಲ್ ನಡೆಯುತ್ತದೆ, ಅಳತೆ ಮೀರದಂತೆ. ತೊಂದರೆ ಇರುವುದು ಕೂಡಿಕೆ ಗುಳಿಗೆಯಲ್ಲಿ. "ಪ್ಯಾರಾಸಿಟಮಾಲ್ ಐತಲ್ಲ" ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ, ಅದರ ಪಕ್ಕದ ಹೆಸರು ಓದೋದಿಲ್ಲ. ಹಾರ್ಟಿಗೆ ಆಸ್ಪಿರಿನ್ ತಗೊಳ್ಳುವವರ ವಿಚಾರ ಬೇರೆ. ಅದನ್ನು ಹೆದರಿ ತಾವೇ ಬಿಡಬಾರದು, ಡಾಕ್ಟರನ್ನು ಕೇಳಬೇಕು.

ಹುಣ್ಣಿಗೆ ಮೂರು ತಿಂಗಳು ಆಮ್ಲ ಕಡಿಮೆ ಮಾಡುವ ಕ್ಯಾಪ್ಸೂಲ್ ಕೊಟ್ಟರು. ಅದನ್ನು ಇಡಿಯಾಗಿ ನುಂಗದೆ, ಬಿಚ್ಚಿ, ಒಳಗಿನ ಕಾಳುಗಳನ್ನು ಚಮಚದಲ್ಲಿ ಹಾಕಿಕೊಂಡು ಅಗಿಯದೆ ನುಂಗಲು ಹೇಳಿದರು. ಸಣ್ಣ ಚೀಲದಲ್ಲಿ ಕ್ಯಾಪ್ಸೂಲ್ ಕರಗಲು ಸಮಯವೇ ಸಿಗೋದಿಲ್ಲವಂತೆ. ಇಷ್ಟು ವರ್ಷ ಮಾರಿದವನಿಗೆ ಇದು ಹೊಸ ಪಾಠ.

ಹಾಗಂತ ನಾನು ಎಲ್ಲದರಲ್ಲೂ ದಡ್ಡತನ ಮಾಡಿರಲಿಲ್ಲ. ಮೂರು ವರ್ಷದ ಹಿಂದೆ, ಆಪರೇಷನ್‌ಗೆ ಮೊದಲು, ನಾನು 128 ಕಿಲೋ ಇದ್ದೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮೂರೂ ಇದ್ದವು. ದಿನಾಂಕ ಗೊತ್ತಾದ ಕೂಡಲೇ ಮನೆಯ ಗುಳಿಗೆ ಡಬ್ಬಿಯನ್ನು ಚಾಪೆಯ ಮೇಲೆ ಸುರುವಿದೆ. ಒಂದೊಂದೇ ಸ್ಟ್ರಿಪ್ ತಿರುಗಿಸಿ ಹೆಸರಿನ ಬಾಲ ನೋಡಿದೆ. ಎಸ್‌ಆರ್, ಎಕ್ಸ್‌ಎಲ್, ಇಆರ್, ಸಿಆರ್ ಅಂತ ಬಾಲ ಇದ್ದರೆ ಅದು ನಿಧಾನವಾಗಿ, ಗಂಟೆಗಟ್ಟಲೆ ಕರುಳಿನಲ್ಲಿ ಬಿಚ್ಚಿಕೊಳ್ಳುವ ಗುಳಿಗೆ. ದಾರಿ ಮೊಟಕಾದರೆ ಪೂರ್ತಿ ಬಿಚ್ಚಿಕೊಳ್ಳದೆಯೇ ಹೊರಗೆ ಹೋಗಬಹುದು. ಕುಟ್ಟಿದರೆ ಇನ್ನೂ ಕೆಟ್ಟದ್ದು, ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಹತ್ತುತ್ತದೆ. ನನ್ನ ಡಬ್ಬಿಯಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್ ಸಿಕ್ಕಿತು. ಪಟ್ಟಿ ಮಾಡಿ ಡಾಕ್ಟರಿಗೆ ಕೊಟ್ಟೆ. ಅವರು ಸಾದಾ ಮೆಟ್‌ಫಾರ್ಮಿನ್ ಬರೆದುಕೊಟ್ಟರು.

ಆಪರೇಷನ್ ಆದ ಮೊದಲ ತಿಂಗಳು ಕುಟ್ಟಬಹುದಾದ ಗುಳಿಗೆಗಳನ್ನೆಲ್ಲ ಪುಡಿ ಮಾಡಿ ತಗೊಂಡೆ. ನಮ್ಮವ್ವ ಎಲೆ ಅಡಿಕೆ ಕುಟ್ಟುತ್ತಿದ್ದ ಹಿತ್ತಾಳೆ ಕುಟ್ಟಾಣಿ ಅಟ್ಟದಿಂದ ಇಳಿಯಿತು. ಮೆಟ್‌ಫಾರ್ಮಿನ್ ಪುಡಿಯ ರುಚಿ ಶತ್ರುವಿಗೂ ಬೇಡ. ಸಿರಪ್ ಸುಲಭ ಅನ್ನಿಸುತ್ತದೆ, ಆದರೆ ಸಕ್ಕರೆ ಪಾಕದ ಸಿರಪ್ ಕುಡಿದರೆ ಬೈಪಾಸ್ ಆದ ಕೆಲವರಿಗೆ ಬೆವರು, ಎದೆಬಡಿತ, ಭೇದಿ ಶುರುವಾಗುತ್ತದೆ. ಧಾರವಾಡ ಪೇಢಾ ತಿಂದು ನನಗೆ ಒಮ್ಮೆ ಹಾಗಾಗಿತ್ತು. ಆಮೇಲೆ ಸಕ್ಕರೆ ಇಲ್ಲದ ಸಿರಪ್ಪನ್ನೇ ಹುಡುಕಿದೆ.

ತೂಕಕ್ಕಿಂತ ಮೊದಲು ಇಳಿಯೋದು ಸಕ್ಕರೆ. ಸಕ್ಕರೆ ಇಳಿಸುವ ನನ್ನ ಇನ್ನೊಂದು ಗುಳಿಗೆ ಗ್ಲಿಮೆಪಿರೈಡನ್ನು ಡಿಸ್ಚಾರ್ಜ್ ದಿನವೇ ನಿಲ್ಲಿಸಿದರು. ಊಟ ನಾಲ್ಕು ಚಮಚ ಗಂಜಿ, ಗುಳಿಗೆ ಮಾತ್ರ ಹಳೆಯದು ಅಂದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಅಲ್ವಾ? ಬಿಪಿ ಗುಳಿಗೆ ಮಾತ್ರ ಮುಂದುವರಿದಿತ್ತು. ಎರಡನೇ ತಿಂಗಳು ಕೌಂಟರ್ ಹಿಂದಿನ ಸ್ಟೂಲಿನಿಂದ ಎದ್ದಾಗ ಕಣ್ಣು ಕತ್ತಲೆ ಬಂತು. ಅಂಗಡಿಯ ಮಿಷನ್‌ನಲ್ಲೇ ನೋಡಿದರೆ 98/60. ಫೋನ್ ಮಾಡಿದೆ. ಉಚ್ಚೆ ಜಾಸ್ತಿ ಮಾಡಿಸುವ ಔಷಧಿ ಕೂಡಿದ ಗುಳಿಗೆ ಅದು. ನೀರೇ ಸರಿಯಾಗಿ ಇಳಿಯದ ದಿನಗಳಲ್ಲಿ ಅದು ಬೇಡ ಎಂದು ಬದಲಿಸಿದರು. ಗಿರಾಕಿಗಳಿಗೆ ನಾನು ಹೇಳೋದು ಇಷ್ಟೇ: ಸಕ್ಕರೆ, ಬಿಪಿ ಎರಡನ್ನೂ ಮನೆಯಲ್ಲಿ ನೋಡಿ ಬರೆದಿಡಿ. ಕಡಿಮೆಯಾದರೆ ಫೋನ್ ಮಾಡಿ. ನೀವೇ ಡಾಕ್ಟರ್ ಆಗಬೇಡಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಗಡಿಯಾರದ ಕೆಲಸ. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂ, ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ಕನಿಷ್ಠ ಎರಡು ಗಂಟೆ. ಕ್ಯಾಲ್ಸಿಯಂ ಒಮ್ಮೆಗೆ 500 ಮಿ.ಗ್ರಾಂ. ಹತ್ತಿರ ಮಾತ್ರ ಹತ್ತುತ್ತದೆ, ಹಾಗಾಗಿ ಮೂರು ಪಾಲು. ಹೆಂಡತಿ ಮಗನ ಹಳೆ ಪಾಟಿ ತಂದು ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಬೆಳಗಿನ 5:30ಕ್ಕೆ ಥೈರಾಯ್ಡ್, ಬರೀ ನೀರಿನಲ್ಲಿ. 10ಕ್ಕೆ ಕ್ಯಾಲ್ಸಿಯಂ. 12:30ಕ್ಕೆ ಊಟ, ಜೊತೆಗೆ ಮಲ್ಟಿವಿಟಮಿನ್. 3ಕ್ಕೆ, 6:30ಕ್ಕೆ ಮತ್ತೆ ಕ್ಯಾಲ್ಸಿಯಂ. ರಾತ್ರಿ 9:30ಕ್ಕೆ ಕಬ್ಬಿಣ, ಲಿಂಬೆಹಣ್ಣಿನ ನೀರಿನ ಜೊತೆ. ಕಬ್ಬಿಣವನ್ನು ರಾತ್ರಿಗೆ ತಳ್ಳಿದ್ದು ಚಹಾದ ಸಲುವಾಗಿ. ಚಹಾ ಕಬ್ಬಿಣವನ್ನು ಹತ್ತಲು ಬಿಡೋದಿಲ್ಲ, ನನಗೆ ಚಹಾ ಬಿಡಲು ಆಗೋದಿಲ್ಲ.

ಕ್ಯಾಲ್ಸಿಯಂನಲ್ಲೂ ಒಂದು ಗುಟ್ಟಿದೆ. ಇಷ್ಟು ವರ್ಷ ನಾನು ಜಾಸ್ತಿ ಮಾರಿದ್ದು ಕಾರ್ಬೊನೇಟ್. ಅದು ಹತ್ತಲು ಆಮ್ಲ ಬೇಕು, ನನ್ನ ಚೀಲದಲ್ಲಿ ಆಮ್ಲ ಕಡಿಮೆ. ಅದಕ್ಕೇ ಸಿಟ್ರೇಟ್ ಬರೆದುಕೊಟ್ಟರು. ಆದರೆ ಸ್ಟ್ರಿಪ್ ಮೇಲೆ ಸಿಟ್ರೇಟ್ 1000 ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 210 ಮಿ.ಗ್ರಾಂ. ಆಸುಪಾಸು ಮಾತ್ರ. ಸಣ್ಣ ಅಕ್ಷರ ಓದಲು ಈಗ ಭೂತಗನ್ನಡಿ ಇಟ್ಟುಕೊಂಡಿದ್ದೇನೆ. ಬಿ12 ಮಾತ್ರ ನಾನು ಇಂಜೆಕ್ಷನ್ನೇ ಆರಿಸಿಕೊಂಡೆ, ತಿಂಗಳಿಗೆ ಒಂದು. ಪಾಟಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಇರಲಿಲ್ಲ.

ಹುಣ್ಣು ಮಾಗಿದ ಮೇಲೆ ಒಂದು ಚೀಟಿ ಬರೆದು, ಲ್ಯಾಮಿನೇಷನ್ ಮಾಡಿಸಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡೆ. ಹೊಟ್ಟೆಯ ಬೈಪಾಸ್ ಆಗಿದೆ, ನೋವಿನ ಗುಳಿಗೆ ಬೇಡ, ಸ್ಟೀರಾಯ್ಡ್ ಕೊಡುವ ಮೊದಲು ಈ ನಂಬರಿಗೆ ಫೋನ್ ಮಾಡಿ ಎಂದು ಬರೆದಿದೆ. ಕಳೆದ ತಿಂಗಳು ಇನ್ನೊಂದು ಹಲ್ಲು ಕೈಕೊಟ್ಟಿತು. ಅದೇ ಡಾಕ್ಟರು, ಅದೇ ಕುರ್ಚಿ. ಬಾಯಿ ತೆರೆಯುವ ಮೊದಲೇ ಚೀಟಿ ಕೈಗೆ ಕೊಟ್ಟೆ. ಎರಡು ಸಲ ಓದಿದರು.

"ಅಂದ್ರ ಅವತ್ತು ನೀವು ಹೇಳಿದ್ದು ಹಾರ್ಟಿಂದಲ್ಲೇನ್ರೀ?"

"ಅಲ್ರೀ."