ಹತ್ತಕ್ಕೆ ಎಷ್ಟು ಧೈರ್ಯ? ಗಣಿತ, ವಿಜ್ಞಾನ, ಎಂಜಿನಿಯರಿಂಗಿನಲ್ಲಿ ಮಕ್ಕಳ ಆತ್ಮವಿಶ್ವಾಸ ಅಳೆದ ಬಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಪ್ರೌಢಶಾಲೆಗಳಲ್ಲಿ ಈ ಅಳತೆ ಶುರುವಾದಾಗ "ಧೈರ್ಯ ಅಳೆಯೋ ಸ್ಕೇಲು ಯಾವ ಅಂಗಡೀಲಿ ಸಿಗುತ್ತೆ ಮೇಷ್ಟ್ರೇ?" ಅಂದವರೇ ಜಾಸ್ತಿ. ಈಗ ಅವರೇ ಚೀಟಿಯ ಮಾದರಿ ಕೇಳುತ್ತಿದ್ದಾರೆ.

"ನನಗೆ ಗಣಿತದಲ್ಲಿ ಆತ್ಮವಿಶ್ವಾಸವಿದೆ" ಅಂತ ಬರೆದು ಐದು ಮನೆ ಕೊಡುವ ಫಾರಂ ಇಲ್ಲಿ ನಡೆಯುವುದಿಲ್ಲ. ಮೇಷ್ಟ್ರು ಎದುರಿಗಿದ್ದರೆ ಇಡೀ ತರಗತಿ "ಒಪ್ಪುತ್ತೇನೆ"ಗೆ ಟಿಕ್ ಹಾಕುತ್ತದೆ, ಇಲ್ಲದಿದ್ದರೆ ನಡುವಿನ ಮನೆಗೆ. ಕಣ್ಣುಮುಚ್ಚಿ ಟಿಕ್ ಹಾಕುವವರನ್ನು ಹಿಡಿಯೋಣವೆಂದು "ನನಗೆ ಗಣಿತ ಬರುವುದಿಲ್ಲ" ಎಂಬ ಉಲ್ಟಾ ವಾಕ್ಯ ಸೇರಿಸಿದರೆ ಇನ್ನೂ ಕೆಡುತ್ತದೆ. ಅದಕ್ಕೆ "ಒಪ್ಪುವುದಿಲ್ಲ" ಎನ್ನಬೇಕಾದ ಎಂಟನೇ ತರಗತಿಯ ಮಗು ಅಲ್ಲೇ ತಡವರಿಸುತ್ತದೆ. ಎರಡು ಬದಿ ಜೆರಾಕ್ಸಿಗೆ ತಲೆಗೆ ಎರಡು ಮೂರು ರೂಪಾಯಿ, ಅಷ್ಟೂ ನೀರಿನಲ್ಲಿ ಹೋಮ.

ಲೆಕ್ಕವನ್ನೇ ತೋರಿಸಿ ಕೇಳಬೇಕು. ಚಾರ್ಟಿನಲ್ಲಿ ದಪ್ಪಕ್ಷರದಲ್ಲಿ ಬರೆದು ಎಂಟ್ಹತ್ತು ಸೆಕೆಂಡು ತೋರಿಸಿ ಮಡಚಿಬಿಡಿ. ಓದುವಷ್ಟು ಹೊತ್ತು ಇರಲಿ, ಬಿಡಿಸುವಷ್ಟು ಬೇಡ. "ಇದನ್ನು ಈಗ ಮಾಡಬಲ್ಲೆಯಾ?" ಎಂಬುದಕ್ಕೆ ಮಗು ಚೀಟಿಯಲ್ಲಿ 0ರಿಂದ 10ರೊಳಗೆ ಒಂದು ಅಂಕಿ ಬರೆಯಬೇಕು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 2006ರಲ್ಲಿ ಹೇಳಿದ್ದು 0ರಿಂದ 100; ನಮ್ಮ ಮಕ್ಕಳಿಗೆ ಹತ್ತು ಸಾಕು. ಧೈರ್ಯದ ಚೀಟಿ ಪೂರ್ತಿ ವಾಪಸ್ ಬಂದ ಮೇಲೇ ಅದೇ ಲೆಕ್ಕಗಳ ಹಾಳೆ ಕೊಡಬೇಕು. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಚೀಟಿಯ ಖರ್ಚು ತಲೆಗೆ ಐವತ್ತು ಪೈಸೆ ದಾಟುವುದಿಲ್ಲ.

ಸುಲಭದ್ದು ಮೊದಲಿರಲಿ. ಕಷ್ಟದ್ದು ಮೊದಲು ಬಂದರೆ ಉಳಿದೆಲ್ಲ ಅಂಕಿಯೂ ಕುಸಿಯುತ್ತದೆ.

0.3 × 0.2 ತೋರಿಸಿ: ಧೈರ್ಯಕ್ಕೆ ಒಂಬತ್ತು, ಹತ್ತು ಅಂತ ಬರೆದು ಉತ್ತರ 0.6 ಕೊಡುತ್ತಾರೆ (ಸರಿಯುತ್ತರ 0.06). ಆರಡಿ ಅಂತರದಲ್ಲಿ ಎಕರೆಗೆ ಎಷ್ಟು ಕಾಫಿ ಗಿಡ ಎಂದರೆ ಧೈರ್ಯಕ್ಕೆ ಮೂರೋ ನಾಲ್ಕೋ ಬರೆಯುತ್ತಾರೆ. ಆದರೆ ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ ಅಂತ ಮನೆಯಲ್ಲೇ ಕೇಳಿ ಬೆಳೆದವರು, ಅಲ್ಲಿಂದ ಹಿಡಿದು 1,210ಕ್ಕೆ ಬಂದು ನಿಲ್ಲುತ್ತಾರೆ. ಧೈರ್ಯದ ಸರಾಸರಿಯನ್ನು ಶೇಕಡಾ ಮಾಡಿ ಅದರಲ್ಲಿ ಸರಿಯುತ್ತರದ ಶೇಕಡಾ ಕಳೆಯಿರಿ. ಪ್ಲಸ್ ಬಂದರೆ ಹುಂಬತನ, ಮೈನಸ್ ಬಂದರೆ ಅಂಜಿಕೆ. ಹತ್ತೇ ಲೆಕ್ಕವಿದ್ದರೆ ಒಂದು ತಪ್ಪಿಗೇ ಹತ್ತು ಅಂಶ ಅಲುಗಾಡುತ್ತದೆ, ಆದ್ದರಿಂದ ಹತ್ತರೊಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಂಜಿನಿಯರಿಂಗಿಗೆ ಕಾಗದ ಸಾಲದು. ರಟ್ಟಿನ ಮೇಲೆ ಎರಡು ಸೆಲ್, ಟಾರ್ಚ್ ಬಲ್ಬು, ಸ್ವಿಚ್ಚು ಕೂರಿಸಿ, ಒಂದೊಂದು ಬೋರ್ಡಿನಲ್ಲಿ ಒಂದೊಂದು ದೋಷ ಇಡುತ್ತೇವೆ. ಒಂದರಲ್ಲಿ ಸೆಲ್ ತಿರುಗುಮುರುಗು (1.5 ವೋಲ್ಟಿನ ಎರಡೂ ಎದುರುಬದುರಾದರೆ ಸೊನ್ನೆ), ಇನ್ನೊಂದರಲ್ಲಿ ಸ್ಕ್ರೂ ಕೆಳಗೆ ಸಿಪ್ಪೆ ಬಿಡಿಸದ ವೈರು, ಮತ್ತೊಂದರಲ್ಲಿ ಸುಟ್ಟ ಬಲ್ಬು. "ಇದರ ತೊಂದರೆ ಹುಡುಕಬಲ್ಲೆಯಾ?" ಅಂತ ಕೇಳಿ ಅಂಕಿ ಬರೆಸಿಕೊಂಡು ಆಮೇಲೆ ಕೈಗೆ ಕೊಡುವುದು. ನಾಲ್ಕನೇ ಬೋರ್ಡಿನ ದೋಷ ಮಾತ್ರ ಇಲ್ಲಿ ಹೇಳುವುದಿಲ್ಲ, ಅದರಲ್ಲಿ ಮೇಷ್ಟ್ರುಗಳೇ ಬಿದ್ದಿದ್ದಾರೆ. ಬೋರ್ಡಿಗೆ ಸುಮಾರು ಎಪ್ಪತ್ತು ರೂಪಾಯಿ. ಸೆಲ್ಲಿನ ಖರ್ಚು ಪ್ರತಿ ವರ್ಷವೂ ಇದ್ದದ್ದೇ.

ಜೂನ್‌ನಲ್ಲಿ ಒಮ್ಮೆ ಅಳೆದು, ಕಲಿಸುವ ಶಿಬಿರ ಮುಗಿದ ಮೇಲೆ ಮತ್ತೆ ಅಳೆದರೆ ಧೈರ್ಯ ಇಳಿದೇ ಕಾಣಬಹುದು. ಶಿಬಿರಕ್ಕೆ ದುಡ್ಡು ಕೊಟ್ಟವರು ಮುಖ ಸಿಂಡರಿಸುತ್ತಾರೆ. ಮೊದಲು ತನಗೇನು ಗೊತ್ತಿಲ್ಲ ಎಂಬುದೇ ಮಗುವಿಗೆ ಗೊತ್ತಿರುವುದಿಲ್ಲ, ಅದಕ್ಕೇ ಹೀಗೆ. ಅದೇ ದಿನ "ಈಗ ಎಷ್ಟು, ಜೂನ್‌ನಲ್ಲಿ ನಿಜಕ್ಕೂ ಎಷ್ಟಿತ್ತು" ಎಂಬ ಎರಡು ಅಂಕಿಯನ್ನೂ ಬರೆಸಿ ಹಳೇ ಚೀಟಿಯ ಪಕ್ಕ ಇಟ್ಟು ತೋರಿಸಿ. ಡಿಸೆಂಬರಿನಲ್ಲಿ ಎರಡನೇ ಅಳತೆ ಬೇಡ: ಕಾಫಿ ಕೊಯ್ಲಿಗೆ ತೋಟದ ಲೈನ್ ಮನೆಗಳ (ಕೂಲಿಯವರ ಸಾಲುಮನೆ) ಮಕ್ಕಳ ಹಾಜರಿ ಏರುಪೇರಾಗುತ್ತದೆ. ಎರಡೂ ಸಲ ಕೂತವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕಿ, ಕ್ರೋನ್‌ಬ್ಯಾಕ್ ಆಲ್ಫಾ, ತೆಗೆಯುವವರು ಗಣಿತ, ವಿಜ್ಞಾನ, ಎಂಜಿನಿಯರಿಂಗ್ ಮೂರನ್ನೂ ಒಟ್ಟುಗೂಡಿಸಬೇಡಿ. ಪ್ರಶ್ನೆ ಹೆಚ್ಚಾದಷ್ಟೂ ಅದು ತಾನಾಗಿ ಏರಿ ಸುಳ್ಳು ಸಮಾಧಾನ ಕೊಡುತ್ತದೆ.

ಐದನೇ ತರಗತಿಯವರಿಗೆ ಅಂಕಿಯ ಬದಲು ಹತ್ತು ಕಾಫಿ ಬೀಜ ಕೊಟ್ಟು "ಧೈರ್ಯ ಇದ್ದಷ್ಟು ಲೋಟಕ್ಕೆ ಹಾಕು" ಅಂದದ್ದೂ ಉಂಟು. ಸ್ಟೀಲ್ ಲೋಟದ ಸದ್ದು ಎಣಿಸಿ ಪಕ್ಕದವನೂ ಅಷ್ಟೇ ಹಾಕುತ್ತಿದ್ದ. ಬಟ್ಟೆ ಚೀಲ ಕೊಟ್ಟ ಮೇಲೆ ಸರಿಹೋಯಿತು.